ದತ್ತು ಶುಲ್ಕ ಸಣ್ಣದು, ಹತ್ತು ವರ್ಷದ ಖರ್ಚು ದೊಡ್ಡದು: ರೆಸ್ಕ್ಯೂ ಮೊಲ ತರುವ ಮುನ್ನ ಹಾಕಬೇಕಾದ ಲೆಕ್ಕ

ರೆಸ್ಕ್ಯೂ ಕೇಂದ್ರದಿಂದ ಮೊಲ ತರಲು ಹೊರಟವರು ಮೊದಲು ಕೇಳುವುದು ದತ್ತು ಶುಲ್ಕ ಎಷ್ಟು ಅಂತ. ಉತ್ತರ ಕೇಳಿ ಕೆಲವರಿಗೆ ಬೇಜಾರಾಗುತ್ತದೆ. ಯಾರೋ ಬೇಡವೆಂದು ಬಿಟ್ಟುಹೋದ ಪ್ರಾಣಿ, ಅದಕ್ಕೆ ಮನೆ ಕೊಡ್ತೀವಿ ಅಂದರೂ ದುಡ್ಡು ಕೇಳ್ತಾರಲ್ಲ ಅನ್ನಿಸುತ್ತದೆ. ಪರಿಚಯದವರ ಮನೆಯಲ್ಲಿ ಮೊಲ ಮರಿ ಹಾಕಿದ್ದರೆ ಸುಮ್ನೆ ಸಿಗುತ್ತದೆ, ಅಲ್ವಾ?

ಸಿಗುತ್ತದೆ. ಆದರೆ ಹಾಗೆ ಸಿಕ್ಕ ಮೊಲವೇ ಕೊನೆಗೆ ಹೆಚ್ಚು ದುಬಾರಿಯಾಗುವ ಸಾಧ್ಯತೆ ಜಾಸ್ತಿ. ತರುವಾಗ ಕೊಡುವ ಹಣ ನೋಡಿ ಸಾಕುವ ಖರ್ಚನ್ನು ಊಹಿಸಲು ಆಗುವುದಿಲ್ಲ. ಖರ್ಚನ್ನು ತೀರ್ಮಾನಿಸುವುದು ಮೊಲದ ಮೈ: ಬೆಳೆಯುತ್ತಲೇ ಇರುವ ಹಲ್ಲು, ಒಂದು ದಿನವೂ ಖಾಲಿ ಇರಬಾರದ ಹೊಟ್ಟೆ, ನೋವನ್ನು ಬಚ್ಚಿಡುವ ಸ್ವಭಾವ. ಚೆನ್ನಾಗಿ ನೋಡಿಕೊಂಡ ಮೊಲ 8ರಿಂದ 12 ವರ್ಷ ಬದುಕುತ್ತದೆ. ಆ ಇಡೀ ಅವಧಿಯ ಲೆಕ್ಕದಲ್ಲಿ ದತ್ತು ಶುಲ್ಕ ಅತಿ ಸಣ್ಣ ಬಾಬತ್ತು.

ಈ ಲೆಕ್ಕ ಮೊದಲೇ ಹಾಕದೆ ತಂದದ್ದರಿಂದ ಎಷ್ಟೋ ಮೊಲಗಳು ಮತ್ತೆ ಕೇಂದ್ರದ ಬಾಗಿಲಿಗೆ ಬರುತ್ತವೆ. 2020ರ ಲಾಕ್‌ಡೌನ್ ಹೊತ್ತಿಗೆ ಹಲವು ದೇಶಗಳಲ್ಲಿ ಜನ ಮನೆಗೊಂದು ಸಾಕುಪ್ರಾಣಿ ತಂದುಕೊಂಡರು. ಮೊಲ ಸಣ್ಣದು, ಸದ್ದು ಮಾಡುವುದಿಲ್ಲ, ವಾಕಿಂಗ್‌ಗೆ ಕರೆದುಕೊಂಡು ಹೋಗಬೇಕಿಲ್ಲ. ಹಾಗಾಗಿ ಸುಲಭದ ಪ್ರಾಣಿ ಅಂದುಕೊಂಡರು. ಆಮೇಲೆ ಆಫೀಸು, ಶಾಲೆ ತೆರೆದವು. ಡಾಕ್ಟರ್ ಫೀಸು, ಮೇವು, ಬಾಡಿಗೆ ಎಲ್ಲವೂ ಏರಿದವು. ಕೇಂದ್ರಗಳು ತುಂಬಿದವು.

ಕೆಲವು ಕಡೆ ಕಾನೂನೂ ಬಂದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2019ರ ಜನವರಿಯಿಂದ ಪೆಟ್ ಅಂಗಡಿಗಳು ಬ್ರೀಡರ್‌ಗಳಿಂದ ತಂದ ನಾಯಿ, ಬೆಕ್ಕು, ಮೊಲಗಳನ್ನು ಮಾರುವಂತಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ 2024ರ ಡಿಸೆಂಬರ್‌ನಿಂದ ಅಂಗಡಿಗಳಲ್ಲಿ ಈ ಮೂರೂ ಪ್ರಾಣಿಗಳ ಮಾರಾಟ ನಿಂತಿದೆ. ಇವು ಒಳ್ಳೆಯ ಕಾನೂನುಗಳು. ಆದರೆ ಮನೆಮನೆಯಲ್ಲಿ ಹುಟ್ಟುವ ಮರಿಗಳ ವಿಷಯದಲ್ಲಿ ಅಂಗಡಿ ಕಾನೂನು ಏನೂ ಮಾಡಲಾರದು. ಮೊಲದ ಗರ್ಭಾವಧಿ ಸುಮಾರು 31 ದಿನ. ಹೆಣ್ಣು ಮೊಲಕ್ಕೆ ಬೆದೆಗೆ ಬರುವ ದಿನಕ್ಕಾಗಿ ಕಾಯಬೇಕಿಲ್ಲ, ಗಂಡಿನ ಜೊತೆ ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುತ್ತದೆ. ಮರಿ ಹಾಕಿದ ದಿನವೇ ಮತ್ತೆ ಗರ್ಭ ಧರಿಸಬಲ್ಲದು. ಚಿಕ್ಕ ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಅನುಭವ ಇದ್ದವರಿಗೂ ಕಷ್ಟ. "ಎರಡೂ ಹೆಣ್ಣೇ" ಅಂತ ನಂಬಿ ತಂದ ಜೋಡಿ ಕೆಲವೇ ತಿಂಗಳಲ್ಲಿ ಮನೆ ತುಂಬ ಮರಿ ಮಾಡಿಬಿಡುತ್ತದೆ. ಪುಕ್ಕಟೆ ಮೊಲದ ಮೊದಲ ಬಿಲ್ಲು ಬಹಳ ಸಲ ಇದೇ.

ಶುಲ್ಕದ ಒಳಗೆ ಏನಿದೆ

ಜವಾಬ್ದಾರಿಯಿಂದ ಕೆಲಸ ಮಾಡುವ ರೆಸ್ಕ್ಯೂ ಕೇಂದ್ರವೊಂದು ಮೊಲವನ್ನು ನಿಮ್ಮ ಕೈಗೆ ಕೊಡುವ ಹೊತ್ತಿಗೆ ಅದರ ಮೇಲೆ ಸಾಕಷ್ಟು ಖರ್ಚು ಮಾಡಿರುತ್ತದೆ. ಡಾಕ್ಟರ್ ತಪಾಸಣೆ ಆಗಿರುತ್ತದೆ. ಹಲ್ಲು ನೋಡಿರುತ್ತಾರೆ. ಕಿವಿಯ ಹುಳ, ಚರ್ಮದ ಹುಳಗಳಿಗೆ ಚಿಕಿತ್ಸೆ ಕೊಟ್ಟಿರುತ್ತಾರೆ. ಲಸಿಕೆ ಸಿಗುವ ದೇಶವಾದರೆ ಲಸಿಕೆ ಹಾಕಿರುತ್ತಾರೆ. ಎಲ್ಲಕ್ಕಿಂತ ದೊಡ್ಡದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿರುತ್ತಾರೆ. ಈ ಒಂದು ಆಪರೇಷನ್ನನ್ನು ನೀವೇ ಹೊರಗೆ ಮಾಡಿಸಲು ಹೋದರೆ ಸಾಮಾನ್ಯವಾಗಿ ದತ್ತು ಶುಲ್ಕಕ್ಕಿಂತ ಜಾಸ್ತಿಯೇ ಆಗುತ್ತದೆ. ಉಳಿದದ್ದನ್ನು ಕೇಂದ್ರ ದೇಣಿಗೆಯಿಂದ ತುಂಬಿಕೊಂಡಿರುತ್ತದೆ. ಅಂದರೆ ನಿಮ್ಮ ಖರ್ಚಿನ ಒಂದು ಭಾಗವನ್ನು ನಿಮಗೆ ಗೊತ್ತಿಲ್ಲದ ಯಾರೋ ಮೊದಲೇ ಕೊಟ್ಟಿದ್ದಾರೆ.

ಮರಿಗಳು ಬೇಡ ಅನ್ನುವುದಷ್ಟೇ ಈ ಆಪರೇಷನ್ನಿನ ಉದ್ದೇಶವಲ್ಲ. ಆಪರೇಷನ್ ಆಗದ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ತುಂಬಾ ಸಾಮಾನ್ಯ. ಶ್ವಾಸಕೋಶಕ್ಕೆ ಹರಡಿದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಗಂಡುಗಳಲ್ಲಿ ಆಪರೇಷನ್ ಆಗದಿದ್ದರೆ ಮನೆ ತುಂಬ ಮೂತ್ರ ಚಿಮ್ಮಿಸುವುದು, ಜಗಳ, ಕಚ್ಚುವುದು. "ನಮ್ಮ ಮೊಲ ಸಿಟ್ಟಿನದು" ಅಂತ ಬಿಟ್ಟುಹೋಗುವವರಲ್ಲಿ ಅನೇಕರ ದೂರಿನ ಹಿಂದೆ ಇರುವುದು ಬರೀ ಹಾರ್ಮೋನು. ಇನ್ನೊಂದು ಗಮನಿಸಿ: ಆಪರೇಷನ್ ಆದ ಗಂಡು ಮೊಲ ಇನ್ನೂ 4ರಿಂದ 6 ವಾರ ಮರಿ ಹುಟ್ಟಿಸಬಲ್ಲದು. ಅಷ್ಟು ದಿನ ಆಪರೇಷನ್ ಆಗದ ಹೆಣ್ಣಿನಿಂದ ದೂರ ಇಡಬೇಕು.

ಮೊಲಕ್ಕೆ ಅರಿವಳಿಕೆ ಕೊಡುವುದು ನಾಯಿ ಬೆಕ್ಕಿಗೆ ಕೊಟ್ಟಷ್ಟು ಸರಳವಲ್ಲ. ಅರಿವಳಿಕೆಯಲ್ಲಿ ವಾಂತಿಯಾಗದಿರಲಿ ಅಂತ ನಾಯಿ ಬೆಕ್ಕುಗಳನ್ನು ಆಪರೇಷನ್ನಿಗೆ ಮೊದಲು ಉಪವಾಸ ಇಡುತ್ತಾರೆ. ಮೊಲಕ್ಕೆ ವಾಂತಿ ಮಾಡಲು ಆಗುವುದೇ ಇಲ್ಲ, ಹಾಗಾಗಿ ಆ ಭಯವಿಲ್ಲ. ಉಪವಾಸ ಇಟ್ಟರೆ ಅದರ ಕರುಳೇ ನಿಂತುಹೋಗುವ ಅಪಾಯ. ಎಚ್ಚರವಾದ ಕೆಲವೇ ಗಂಟೆಗಳಲ್ಲಿ ಅದು ತಿನ್ನಲು ಶುರುಮಾಡಬೇಕು, ನೋವಿನ ಔಷಧಿ ತಪ್ಪದೆ ಕೊಡಬೇಕು. "ರಾತ್ರಿಯಿಂದ ಏನೂ ತಿನ್ನಿಸಬೇಡಿ" ಎಂದು ಹೇಳುವ ಕ್ಲಿನಿಕ್‌ಗೆ ಮೊಲದ ಅನುಭವ ಕಡಿಮೆ ಅಂತ ತಿಳಿಯಬಹುದು. ಒಳ್ಳೆಯ ರೆಸ್ಕ್ಯೂಗಳು ಈ ಹುಡುಕಾಟವನ್ನೂ ನಿಮ್ಮ ಪರವಾಗಿ ಮಾಡಿ ಮುಗಿಸಿರುತ್ತವೆ. ನನ್ನ ಪ್ರಕಾರ ದತ್ತು ಶುಲ್ಕದಲ್ಲಿ ಸಿಗುವ ದೊಡ್ಡ ಲಾಭ ಇದು. ಯಾವ ಡಾಕ್ಟರ್‌ಗೆ ಮೊಲ ಗೊತ್ತು ಅನ್ನುವ ಮಾಹಿತಿ ಕೈಯಲ್ಲೇ ಇರುತ್ತದೆ.

ಹುಲ್ಲಿನ ಲೆಕ್ಕ

ಚಿತ್ರಗಳಲ್ಲಿ ಮೊಲದ ಬಾಯಲ್ಲಿ ಯಾವಾಗಲೂ ಕ್ಯಾರೆಟ್. ನಿಜವಾಗಿ ಅದಕ್ಕೆ ಕ್ಯಾರೆಟ್ ಸಿಹಿತಿಂಡಿ. ದೊಡ್ಡ ಮೊಲದ ಆಹಾರದಲ್ಲಿ ನೂರಕ್ಕೆ 80ರಿಂದ 85 ಪಾಲು ಹುಲ್ಲು, ಒಣಹುಲ್ಲು ಇರಬೇಕು. ಅದೂ ನಾರು ಜಾಸ್ತಿ ಇರುವ ಹುಲ್ಲಿನ ಜಾತಿಯದು. ಕುದುರೆಮೆಂತೆ (ಆಲ್ಫಾಲ್ಫಾ) ಮೇವು ಮರಿಗಳಿಗೆ ಒಳ್ಳೆಯದು. ದೊಡ್ಡವಕ್ಕೆ ದಿನವೂ ಕೊಟ್ಟರೆ ಪ್ರೋಟೀನೂ ಕ್ಯಾಲ್ಸಿಯಮ್ಮೂ ಜಾಸ್ತಿಯಾಗುತ್ತದೆ. ಮೊಲದ ಕರುಳು ತಿಂದ ಕ್ಯಾಲ್ಸಿಯಂನ ಬಹುಪಾಲನ್ನು ಹೀರಿಕೊಳ್ಳುತ್ತದೆ, ಬೇಡದ್ದು ಮೂತ್ರದಲ್ಲಿ ಹೋಗುತ್ತದೆ. ಕ್ಯಾಲ್ಸಿಯಂ ಹೆಚ್ಚಾದರೆ ಮೂತ್ರಕೋಶದಲ್ಲಿ ಗಟ್ಟಿ ಕೆಸರು, ಕಲ್ಲು. ಆಮೇಲೆ ಸ್ಕ್ಯಾನ್, ಆಪರೇಷನ್.

ಒಂದು ಅಂದಾಜು ಹಾಕೋಣ. 2 ಕಿಲೋ ತೂಕದ ಮೊಲ ದಿನಕ್ಕೆ ಸುಮಾರು 100 ಗ್ರಾಂ ಒಣಹುಲ್ಲು ತಿನ್ನುತ್ತದೆ ಅಂದುಕೊಳ್ಳಿ. ತಿಂಗಳಿಗೆ 3 ಕಿಲೋ. ವರ್ಷಕ್ಕೆ 36 ಕಿಲೋ. ಹತ್ತು ವರ್ಷಕ್ಕೆ 360 ಕಿಲೋ. ಜೋಡಿಯಾದರೆ ಇದರ ಎರಡರಷ್ಟು. ಇದು ಹೊಟ್ಟೆಗೆ ಹೋಗುವ ಲೆಕ್ಕ ಮಾತ್ರ. ತುಳಿದದ್ದು, ಒದ್ದೆ ಮಾಡಿದ್ದು, ಆರಿಸಿ ಎಸೆದದ್ದು ಬೇರೆ. ತಟ್ಟೆಯಲ್ಲಿ ಹುಲ್ಲು ಖಾಲಿಯಾಗಲೇಬಾರದು, ಹಾಗಾಗಿ ಪೋಲು ಇದ್ದೇ ಇರುತ್ತದೆ. ಅದಕ್ಕೆ ಬೇಸರ ಮಾಡಿಕೊಳ್ಳಬಾರದು.

ಇಲ್ಲಿ ದುಡ್ಡು ಉಳಿಸುವ ದಾರಿಯಿದೆ. ಪೆಟ್ ಅಂಗಡಿಯ ಚಿಕ್ಕ ಪ್ಯಾಕೆಟ್ಟಿನಲ್ಲಿ ಒಂದು ಕಿಲೋಗೆ ಬೀಳುವ ಬೆಲೆ, ಮೂಟೆ ಲೆಕ್ಕದಲ್ಲಿ ಕೊಂಡದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮೊಲ ಸಾಕಿದ ಎರಡು ಮೂರು ಮನೆಯವರು ಸೇರಿ ದೊಡ್ಡ ಮೂಟೆ ತರಿಸಿ ಹಂಚಿಕೊಳ್ಳಬಹುದು. ಆದರೆ ಗಾಳಿಯಾಡುವ ಒಣ ಜಾಗ ಬೇಕು. ಬೂಷ್ಟು ಹಿಡಿದ ಹುಲ್ಲು, ಧೂಳಿನ ಹುಲ್ಲು ಬೇಡವೇ ಬೇಡ. ಕಡಿಮೆಗೆ ಸಿಕ್ಕಿತೆಂದು ತಂದ ಹುಲ್ಲನ್ನು ಮೊಲ ಮೂಸಿ ನೋಡಿ ಬಿಟ್ಟರೆ ಅದಕ್ಕಿಂತ ದುಬಾರಿ ಬೇರೆ ಇಲ್ಲ.

ಪೆಲೆಟ್ ಅಂದರೆ ಗುಳಿಗೆ ಆಹಾರ ಮೊಲದ ತೂಕದ ಒಂದು ಕಿಲೋಗೆ ದಿನಕ್ಕೆ 25 ಗ್ರಾಂ ಮೀರಬಾರದು. ಬಣ್ಣಬಣ್ಣದ ಕಾಳು, ಬೀಜ ಬೆರೆಸಿದ ಮಿಶ್ರಣಗಳು ಬೇಡ. ಮೊಲ ಅದರಲ್ಲಿ ರುಚಿಯಾದ್ದನ್ನಷ್ಟೇ ಆರಿಸಿ ತಿಂದು ನಾರನ್ನು ಬಿಡುತ್ತದೆ. ದಿನಾ ಒಂದಿಷ್ಟು ಕೊತ್ತಂಬರಿ, ಪುದೀನದಂಥ ಸೊಪ್ಪು ಬೇಕು. ನೀರು ಬಾಟಲಿಗಿಂತ ಅಗಲ ಬಟ್ಟಲಿನಲ್ಲಿ ಇಟ್ಟರೆ ಜಾಸ್ತಿ ಕುಡಿಯುತ್ತದೆ.

ಸಣ್ಣ ಬಿಲ್ಲು ತಪ್ಪಿಸಿದರೆ ದೊಡ್ಡ ಬಿಲ್ಲು

ಮೊಲಕ್ಕೆ 28 ಹಲ್ಲು. ಮುಂದಿನ ಬಾಚಿಹಲ್ಲು ಮಾತ್ರವಲ್ಲ, ದವಡೆ ಹಲ್ಲುಗಳೂ ಸಾಯುವವರೆಗೆ ಬೆಳೆಯುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಹುಲ್ಲನ್ನು ದವಡೆ ಅತ್ತಿಂದಿತ್ತ ಆಡಿಸಿ ಅರೆಯುವಾಗ ಆ ಬೆಳವಣಿಗೆ ಸವೆಯುತ್ತದೆ. ಪೆಲೆಟ್ ಹಾಗಲ್ಲ, ಎರಡು ಸಲ ಕಚ್ಚಿದರೆ ಪುಡಿಯಾಗಿ ಹೋಗುತ್ತದೆ. ಅದನ್ನೇ ಹೊಟ್ಟೆ ತುಂಬ ತಿಂದ ಮೊಲದ ಹಲ್ಲು ಸವೆಯುವುದಿಲ್ಲ. ದವಡೆ ಹಲ್ಲಿನ ಅಂಚು ಮುಳ್ಳಿನಂತೆ ಚೂಪಾಗಿ ನಾಲಿಗೆ, ಕೆನ್ನೆಗಳನ್ನು ಕೊಯ್ಯುತ್ತದೆ. ಬೇರುಗಳು ಕೆಳಗೆ ಒತ್ತಿ ದವಡೆ ಮೂಳೆಯಲ್ಲಿ ಕೀವು ಕಟ್ಟುತ್ತದೆ. ಮೇಲೆ ಒತ್ತಿ ಕಣ್ಣೀರಿನ ನಾಳವನ್ನು ಮುಚ್ಚುತ್ತವೆ. ಸದಾ ನೀರು ಸೋರುವ ಕಣ್ಣು ಎಷ್ಟೋ ಸಲ ಹಲ್ಲಿನ ರೋಗವೇ.

ಮೊಲದ ಕೀವು ನಾಯಿಯ ಕೀವಿನ ಹಾಗೆ ತೆಳ್ಳಗೆ ಹರಿದುಹೋಗುವುದಿಲ್ಲ, ಟೂತ್‌ಪೇಸ್ಟಿನಂತೆ ಗಟ್ಟಿ. ಚುಚ್ಚಿ ತೆಗೆದರೆ ಸಾಲದು, ಚೀಲ ಸಮೇತ ಕೊಯ್ದು ತೆಗೆಯಬೇಕು. ದವಡೆ ಹಲ್ಲು ಉಜ್ಜಿ ಸರಿಮಾಡಲು ಅರಿವಳಿಕೆ ಬೇಕು. ಒಮ್ಮೆ ಹಲ್ಲಿನ ಸಾಲು ತಪ್ಪಿದರೆ ಕೆಲವು ಮೊಲಗಳಿಗೆ ಕೆಲವು ವಾರಕ್ಕೋ ತಿಂಗಳಿಗೋ ಒಮ್ಮೆ ಇದೇ ಚಿಕಿತ್ಸೆ, ಜೀವನಪರ್ಯಂತ. ಮೊಲ ಸಾಕುವವರ ಮೇಲೆ ಬೀಳುವ ಅತಿ ಭಾರದ ಖರ್ಚುಗಳಲ್ಲಿ ಇದೊಂದು. ಮುಖ ಚಪ್ಪಟೆಯಾದ, ಕಿವಿ ಜೋತುಬಿದ್ದ ತಳಿಗಳಲ್ಲಿ ಹುಟ್ಟಿನಿಂದಲೇ ಈ ತೊಂದರೆ ಹೆಚ್ಚು. ಮುದ್ದಾಗಿ ಕಾಣಲಿ ಅಂತ ಮನುಷ್ಯರು ತಲೆಬುರುಡೆಯ ಆಕಾರ ಬದಲಿಸಿದ್ದಕ್ಕೆ ಆ ಪ್ರಾಣಿ ನೋವು ಉಣ್ಣುತ್ತದೆ. ಇದು ನನಗೆ ಬಹಳ ಸಂಕಟದ ಸಂಗತಿ.

ಹೊಟ್ಟೆಯ ಕಥೆ ಇದಕ್ಕಿಂತ ಅವಸರದ್ದು. ಮೊಲದ ಕರುಳಿನಲ್ಲಿ ಸೀಕಮ್ ಎಂಬ ದೊಡ್ಡ ಚೀಲವಿದೆ. ಅಲ್ಲಿ ಸೂಕ್ಷ್ಮಜೀವಿಗಳು ಆಹಾರವನ್ನು ಹುದುಗಿಸುತ್ತವೆ. ಹಾಗೆ ತಯಾರಾದ ಮೆತ್ತನೆ ಹಿಕ್ಕೆಯನ್ನು ಮೊಲ ಮತ್ತೆ ತಿಂದು ವಿಟಮಿನ್, ಪ್ರೋಟೀನ್ ಪಡೆಯುತ್ತದೆ. ಇಡೀ ವ್ಯವಸ್ಥೆ ಚಲಿಸುತ್ತಿರಲು ನಾರು ಬೇಕು. ನೋವು, ಹೆದರಿಕೆ, ಸೆಕೆ, ನಾರಿನ ಕೊರತೆ, ಯಾವುದರಿಂದಲಾದರೂ ಕರುಳು ನಿಧಾನವಾದರೆ ಗ್ಯಾಸ್ ತುಂಬುತ್ತದೆ. ಗ್ಯಾಸ್ ನೋವು ಕೊಡುತ್ತದೆ, ನೋವಿನಿಂದ ಮೊಲ ತಿನ್ನುವುದಿಲ್ಲ, ತಿನ್ನದಿದ್ದರೆ ಕರುಳು ಇನ್ನೂ ನಿಲ್ಲುತ್ತದೆ. ಇದನ್ನು ಡಾಕ್ಟರ್‌ಗಳು ಜಿಐ ಸ್ಟೇಸಿಸ್ ಅನ್ನುತ್ತಾರೆ. ಅರ್ಧ ದಿನ ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತ ಮೊಲವನ್ನು "ನಾಳೆ ನೋಡೋಣ" ಅನ್ನುವ ಹಾಗಿಲ್ಲ. ಎಕ್ಸ್‌-ರೇ, ಚರ್ಮದಡಿ ದ್ರವ, ನೋವಿನ ಔಷಧಿ, ಸಿರಿಂಜಿನಲ್ಲಿ ಆಹಾರ, ಎಷ್ಟೋ ಸಲ ಒಂದೆರಡು ರಾತ್ರಿ ಆಸ್ಪತ್ರೆ ವಾಸ. ಇದು ರಜಾದಿನ ನೋಡಿ ಬರುವುದಿಲ್ಲ. ರಾತ್ರಿಯ ತುರ್ತು ಫೀಸು ಹಗಲಿನ ಫೀಸಿಗಿಂತ ಜಾಸ್ತಿ.

ಇದರ ಜೊತೆಗೆ ಮೊಲ ನೋವು ತೋರಿಸುವುದಿಲ್ಲ. ಬೇಟೆಯಾಗುವ ಪ್ರಾಣಿ ಅದು. ಕಾಯಿಲೆ ತೋರಿಸಿದರೆ ಕಾಡಿನಲ್ಲಿ ಮೊದಲು ಸಿಕ್ಕಿಬೀಳುತ್ತದೆ. ಮನೆಯಲ್ಲೂ ಅದೇ ಸ್ವಭಾವ. ನಮಗೆ ಗೊತ್ತಾಗುವಷ್ಟರಲ್ಲಿ ರೋಗ ಮುಂದೆ ಹೋಗಿರುತ್ತದೆ, ಬಿಲ್ಲೂ ಅದರ ಜೊತೆ ಬೆಳೆದಿರುತ್ತದೆ. ಅದಕ್ಕೇ ಅಡುಗೆಮನೆಯ ತಕ್ಕಡಿಯಂಥ ಒಂದು ಡಿಜಿಟಲ್ ತೂಕದ ಯಂತ್ರ ಮೊದಲು ಕೊಳ್ಳಿ. ವಾರಕ್ಕೊಮ್ಮೆ ತೂಗಿ ಬರೆದಿಡಿ. 2 ಕಿಲೋ ಪ್ರಾಣಿಯಲ್ಲಿ 100 ಗ್ರಾಂ ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ. ಬೆಳಿಗ್ಗೆ ಎದ್ದಕೂಡಲೇ ಲಿಟರ್ ಬಾಕ್ಸ್, ಅಂದರೆ ಮೊಲ ಮಲಮೂತ್ರ ಮಾಡುವ ತಟ್ಟೆ, ನೋಡಿ. ಹಿಕ್ಕೆ ಸಣ್ಣದಾಗಿದ್ದರೆ, ಕಡಿಮೆಯಾಗಿದ್ದರೆ ಅದೇ ಮೊದಲ ಸುಳಿವು.

ಡಾಕ್ಟರ್ ಹುಡುಕುವುದೂ ಖರ್ಚಿನ ಭಾಗವೇ. ಮೊಲವನ್ನು ಬಹಳ ಕಡೆ ಎಕ್ಸಾಟಿಕ್, ಅಂದರೆ ನಾಯಿ ಬೆಕ್ಕಲ್ಲದ ಅಪರೂಪದ ಸಾಕುಪ್ರಾಣಿಗಳ ವರ್ಗಕ್ಕೆ ಸೇರಿಸುತ್ತಾರೆ. ನೋಡುವವರು ಕಡಿಮೆ, ಫೀಸು ಜಾಸ್ತಿ, ಹೋಗುವ ದೂರವೂ ಜಾಸ್ತಿ. ಹತ್ತಿರದ ಕ್ಲಿನಿಕ್ಕೇ ಸಾಕು ಅನ್ನುವಂತಿಲ್ಲ, ಯಾಕೆಂದರೆ ನಾಯಿ ಬೆಕ್ಕಿನ ಔಷಧಿಗಳಲ್ಲಿ ಕೆಲವು ಮೊಲವನ್ನು ಕೊಲ್ಲುತ್ತವೆ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಗುಂಪಿನ ಆಂಟಿಬಯಾಟಿಕ್ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆಯ ಜೀವಿಗಳು ಸತ್ತು ವಿಷಕಾರಿ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಚಿಗಟಕ್ಕೆ ಹಾಕುವ ಫಿಪ್ರೊನಿಲ್ ಮೊಲಕ್ಕೆ ವಿಷ. ಮೊಲ ಮನೆಗೆ ಬರುವ ಮುಂಚೆಯೇ ಎರಡು ನಂಬರ್ ಫೋನಿನಲ್ಲಿ ಇರಬೇಕು: ಮೊಲ ನೋಡಿ ಗೊತ್ತಿರುವ ಡಾಕ್ಟರ್ ಒಬ್ಬರದು, ರಾತ್ರಿ ತೆರೆದಿರುವ ಆಸ್ಪತ್ರೆ ಒಂದರದು.

ಲಸಿಕೆಯ ಖರ್ಚು ದೇಶದಿಂದ ದೇಶಕ್ಕೆ ಬೇರೆ. ಸೊಳ್ಳೆ, ಚಿಗಟಗಳಿಂದ ಹರಡುವ ಮಿಕ್ಸೊಮಾಟೋಸಿಸ್ ಮತ್ತು ರಕ್ತಸ್ರಾವ ತರುವ ಆರ್‌ಎಚ್‌ಡಿ (ರ್ಯಾಬಿಟ್ ಹೆಮರೇಜಿಕ್ ಡಿಸೀಸ್), ಮೊಲಗಳ ಎರಡು ದೊಡ್ಡ ಸಾಂಕ್ರಾಮಿಕ ರೋಗಗಳು. ಆರ್‌ಎಚ್‌ಡಿ ಮೊದಲು ಕಂಡದ್ದು 1984ರಲ್ಲಿ, ಚೀನಾದಲ್ಲಿ. ಅದರ ಎರಡನೇ ಬಗೆಯ ವೈರಸ್ 2010ರಲ್ಲಿ ಫ್ರಾನ್ಸ್‌ನಲ್ಲಿ ಕಾಣಿಸಿತು, 2020ರಲ್ಲಿ ಅಮೆರಿಕದ ಕಾಡುಮೊಲಗಳಲ್ಲೂ ಹರಡಿತು. ಬ್ರಿಟನ್ನಿನಲ್ಲಿ ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವುದು ರೂಢಿ. ಲಸಿಕೆಯೇ ಸಿಗದ ದೇಶಗಳೂ ಇವೆ. ಅಲ್ಲಿ ಸೊಳ್ಳೆಪರದೆ, ಶುಚಿತ್ವ, ಮನೆಯೊಳಗೇ ಸಾಕುವುದು, ಇವೇ ರಕ್ಷಣೆ.

ಇನ್ಶೂರೆನ್ಸ್ ಸಿಗುವ ಕಡೆ ಷರತ್ತುಗಳನ್ನು ಕೂತು ಓದಿ. ಮೊದಲೇ ಇದ್ದ ಕಾಯಿಲೆಗಳನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲ, ಹಲ್ಲಿನ ಚಿಕಿತ್ಸೆಯನ್ನೂ ಎಷ್ಟೋ ಪಾಲಿಸಿಗಳು ಬಿಟ್ಟಿರುತ್ತವೆ. ರೆಸ್ಕ್ಯೂ ಮೊಲಕ್ಕೆ ಹಳೆಯ ಕಾಯಿಲೆ ಇರುವ ಸಾಧ್ಯತೆ ಇರುವುದರಿಂದ ಇದು ಮುಖ್ಯ. ನನ್ನ ಸಲಹೆ ಸರಳ. ಒಂದು ರಾತ್ರಿಯ ತುರ್ತು ಚಿಕಿತ್ಸೆಗೆ ಎಷ್ಟಾಗುತ್ತದೆ ಅಂತ ಆ ಆಸ್ಪತ್ರೆಗೇ ಫೋನ್ ಮಾಡಿ ಕೇಳಿ. ಅಷ್ಟು ಹಣ ಬೇರೆ ಇಟ್ಟ ಮೇಲೆ ಮೊಲ ತನ್ನಿ. ಅದು ಖರ್ಚಾದರೆ ಮತ್ತೆ ತುಂಬಿ. ಅಷ್ಟು ಇಡಲು ಆಗದಿದ್ದರೆ ಸ್ವಲ್ಪ ದಿನ ಕಾಯಿರಿ.

ಜಾಗಕ್ಕೂ ಬೆಲೆಯಿದೆ

ಪೆಟ್ ಅಂಗಡಿಯಲ್ಲಿ ಮೊಲದ ಜೊತೆ ಮಾರುವ ಪುಟ್ಟ ಪಂಜರ ಹಣ ದಂಡ ಮಾಡಿದಂತೆ. ಬ್ರಿಟನ್ನಿನ ರ್ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಒಂದು ಜೋಡಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಹಗಲು ರಾತ್ರಿ ಇರಬೇಕು ಅನ್ನುತ್ತದೆ. ಮೊಲ ಓಡಬೇಕು, ಹಿಂಗಾಲ ಮೇಲೆ ನೆಟ್ಟಗೆ ನಿಲ್ಲಬೇಕು. ತಂತಿಯ ನೆಲ ಬೇಡ. ಮೊಲದ ಅಂಗಾಲಿನಲ್ಲಿ ನಾಯಿಗಿರುವಂಥ ಮೆತ್ತೆ ಇಲ್ಲ, ಬರೀ ಕೂದಲು. ತಂತಿಯ ಮೇಲೆ ನಿಂತು ನಿಂತು ಹುಣ್ಣಾಗುತ್ತದೆ, ಮೂಳೆಗೆ ಸೋಂಕು ತಗಲಿದರೆ ವಾಸಿಯಾಗುವುದು ಬಹಳ ಕಷ್ಟ.

1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಹೌಸ್ ರ್ಯಾಬಿಟ್ ಸೊಸೈಟಿ ಮೊಲವನ್ನು ಹಿತ್ತಲಿನ ಗೂಡಿನಿಂದ ಮನೆಯೊಳಗೆ ತರಬೇಕು ಅಂತ ಹೇಳುತ್ತಾ ಬಂದಿದೆ. ಒಳಗೆ ಸಾಕಿದರೆ ಪಂಜರದ ಬದಲು ಮಡಚುವ ಬೇಲಿ ಸಾಕು. ಅದನ್ನು ಸೆಕೆಂಡ್‌ಹ್ಯಾಂಡ್ ಕೊಂಡರೆ ಏನೂ ತೊಂದರೆ ಇಲ್ಲ, ಚೆನ್ನಾಗಿ ತೊಳೆದು ಬಳಸಬೇಕು. ಆದರೆ ಮನೆಗೂ ಸ್ವಲ್ಪ ಖರ್ಚು ಬರುತ್ತದೆ. ಮೊಲ ವೈರ್ ಕಡಿಯುತ್ತದೆ, ಗೋಡೆಯ ಮೂಲೆ ಕೆರೆಯುತ್ತದೆ, ಕಾರ್ಪೆಟ್ ಅಗೆಯುತ್ತದೆ. ವೈರ್‌ಗೆ ಗಟ್ಟಿ ಪೈಪಿನ ಹೊದಿಕೆ, ನೆಲಕ್ಕೆ ಜಾರದ ಚಾಪೆ ಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಮನೆ ಬದಲಿಸಬೇಕಾಗಿ ಬಂದಾಗ ಮೊಲ ಬಿಟ್ಟುಹೋಗುವವರು ಬಹಳ.

ಆಟಿಕೆಗೆ ದುಡ್ಡು ಸುರಿಯಬೇಕಿಲ್ಲ. ರಟ್ಟಿನ ಪೆಟ್ಟಿಗೆಗೆ ಎರಡು ಬಾಗಿಲು ಕೊಯ್ದರೆ ಮೊಲಕ್ಕೆ ಅದೇ ಅರಮನೆ. ಲಿಟರ್ ಬಾಕ್ಸಿನಲ್ಲಿ ಹಾಸಲು ಕಾಗದದಿಂದ ಮಾಡಿದ್ದು ಒಳ್ಳೆಯದು. ಬೆಕ್ಕಿಗೆ ಬಳಸುವ, ಒದ್ದೆಯಾದರೆ ಗಟ್ಟಿಯಾಗುವ ಜೇಡಿಯನ್ನು ಮೊಲ ತಿಂದರೆ ಕರುಳು ಕಟ್ಟುತ್ತದೆ.

ಬಿಸಿಲಿನ ವಿಷಯವೂ ಇದೆ. ಮೊಲ ಬೆವರುವುದಿಲ್ಲ, ಮೈಯ ಶಾಖವನ್ನು ಮುಖ್ಯವಾಗಿ ಕಿವಿಯಿಂದ ಹೊರಬಿಡುತ್ತದೆ. 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪ್ರಾಣಕ್ಕೇ ಅಪಾಯ. ಬರೀ ಫ್ಯಾನ್ ಅಷ್ಟೇನೂ ಸಹಾಯ ಮಾಡುವುದಿಲ್ಲ. ತಂಪಾದ ನೆಲ, ಬಟ್ಟೆ ಸುತ್ತಿದ ಐಸ್ ಬಾಟಲಿ, ಕೆಲವು ಮನೆಗಳಲ್ಲಿ ಎಸಿ. ಕರೆಂಟ್ ಬಿಲ್ಲನ್ನೂ ಲೆಕ್ಕಕ್ಕೆ ಸೇರಿಸಿ.

ಒಂದಲ್ಲ, ಎರಡು

ಮೊಲ ಗುಂಪಿನಲ್ಲಿ ಬದುಕುವ ಪ್ರಾಣಿ. ಒಂಟಿಯಾಗಿ ಇಟ್ಟರೆ ಸೊರಗುತ್ತದೆ. ಹಾಗಾಗಿ ಅನೇಕ ರೆಸ್ಕ್ಯೂಗಳು ಜೋಡಿಯನ್ನೇ ಕೊಡುತ್ತವೆ, ಇಲ್ಲವೇ ಮನೆಯಲ್ಲಿ ಇನ್ನೊಂದು ಮೊಲ ಇದೆಯೇ ಎಂದು ಕೇಳುತ್ತವೆ. ಇದು ಖರ್ಚನ್ನು ಎರಡರಷ್ಟು ಮಾಡುವುದಿಲ್ಲವೇ? ಹುಲ್ಲು, ಲಸಿಕೆ, ಡಾಕ್ಟರ್, ಹೌದು. ಜಾಗ, ಬೇಲಿ, ಕ್ಲೀನ್ ಮಾಡುವ ಸಮಯ, ಅಷ್ಟಾಗಿ ಇಲ್ಲ.

ಎರಡು ಬೇರೆ ಬೇರೆ ಮೊಲಗಳನ್ನು ನೀವೇ ತಂದು ಒಟ್ಟಿಗೆ ಬಿಟ್ಟರೆ ಮೈ ಹರಿಯುವಷ್ಟು ಜಗಳವಾಡಬಹುದು. ಇಬ್ಬರಿಗೂ ಹೊಸದಾದ ಜಾಗದಲ್ಲಿ ಸ್ವಲ್ಪಸ್ವಲ್ಪವೇ ಪರಿಚಯ ಮಾಡಿಸಬೇಕು. ವಾರಗಳು ಹಿಡಿಯುತ್ತವೆ, ಕೆಲವೊಮ್ಮೆ ತಿಂಗಳುಗಳು. ಆಪರೇಷನ್ ಆದ ಗಂಡು ಹೆಣ್ಣು ಜೋಡಿ ಸಾಮಾನ್ಯವಾಗಿ ಬೇಗ ಹೊಂದಿಕೊಳ್ಳುತ್ತದೆ. ರೆಸ್ಕ್ಯೂನಲ್ಲಿ ಆಗಲೇ ಹೊಂದಿಕೊಂಡ ಜೋಡಿ ಸಿಕ್ಕರೆ ಈ ತಲೆನೋವೇ ಇಲ್ಲ. ನನ್ನನ್ನು ಕೇಳಿದರೆ ಮೊದಲ ಸಲ ಮೊಲ ಸಾಕುವವರು ನಡುವಯಸ್ಸಿನ ಜೋಡಿಯನ್ನು ತರುವುದು ಒಳ್ಳೆಯದು. ಅವುಗಳ ಸ್ವಭಾವ, ಹಲ್ಲಿನ ಸ್ಥಿತಿ, ಹಳೆಯ ಕಾಯಿಲೆ ಎಲ್ಲ ಕೇಂದ್ರಕ್ಕೆ ಗೊತ್ತಿರುತ್ತದೆ. ಮರಿಯ ವಿಷಯದಲ್ಲಿ ಇವು ಯಾವುವೂ ಗೊತ್ತಿರುವುದಿಲ್ಲ. ಆದರೂ ಜನ ಮರಿಯನ್ನೇ ಹುಡುಕುತ್ತಾರೆ, ದೊಡ್ಡ ಮೊಲಗಳು ತಿಂಗಳುಗಟ್ಟಲೆ ಕಾಯುತ್ತವೆ.

ಹಣದಲ್ಲಿ ಕಾಣದ ಖರ್ಚು ಸಮಯ. ದಿನಾ ಲಿಟರ್, ಹುಲ್ಲು, ಸೊಪ್ಪು. ಒಂದೆರಡು ತಿಂಗಳಿಗೊಮ್ಮೆ ಉಗುರು. ಕೂದಲು ಉದುರುವ ಕಾಲದಲ್ಲಿ ದಿನವೂ ಬಾಚಬೇಕು. ಎತ್ತಿಕೊಳ್ಳುವುದನ್ನು ಸರಿಯಾಗಿ ಕಲಿಯಬೇಕು. ಮೊಲದ ಮೂಳೆ ತೆಳು, ಹಿಂಗಾಲಿನ ಬಲ ಬಹಳ. ಹಿಂಭಾಗಕ್ಕೆ ಆಧಾರ ಕೊಡದೆ ಎತ್ತಿದಾಗ ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುತ್ತದೆ. ಮಗು ಕೇಳಿತು ಅಂತ ತರುವವರು ಇನ್ನೊಂದು ಯೋಚಿಸಬೇಕು. 8 ವರ್ಷದ ಮಗುವಿಗೆ ತಂದ ಮೊಲ, ಆ ಮಗು ಓದಲು ಮನೆ ಬಿಟ್ಟು ಹೋಗುವಾಗಲೂ ಇರುತ್ತದೆ. ಆಗ ನೋಡಿಕೊಳ್ಳುವವರು ದೊಡ್ಡವರೇ. ಪ್ರವಾಸ ಹೋದರೆ ಮೊಲ ಗೊತ್ತಿರುವವರೇ ಮನೆಗೆ ಬರಬೇಕು. ಎರಡು ದಿನದ ಮೇವು ಹಾಕಿ ಬಾಗಿಲು ಹಾಕಿಕೊಂಡು ಹೋಗುವಂತಿಲ್ಲ.

ವಯಸ್ಸಾದ ಮೊಲಕ್ಕೆ ಕೀಲುನೋವು ಬರುತ್ತದೆ. ಬಗ್ಗಿ ಮೈ ನೆಕ್ಕಿಕೊಳ್ಳಲು ಆಗುವುದಿಲ್ಲ. ಬಾಲದ ಕೆಳಗೆ ಗಲೀಜು ಅಂಟಿದರೆ ನೊಣ ಬಂದು ಮೊಟ್ಟೆ ಇಡುತ್ತದೆ. ಬೆಚ್ಚಗಿನ ದಿನಗಳಲ್ಲಿ ಒಂದು ದಿನದೊಳಗೇ ಹುಳು ಹೊರಬಂದು ಜೀವಂತ ಮಾಂಸ ತಿನ್ನಲು ಶುರುಮಾಡುತ್ತವೆ. ದಿನಕ್ಕೆರಡು ಸಲ ಎತ್ತಿ ನೋಡಿ ಒರೆಸುವ ಕೆಲಸ ಕೊನೆಯ ವರ್ಷಗಳಲ್ಲಿ ತಪ್ಪಿದ್ದಲ್ಲ. ನೋವಿನ ಔಷಧಿ ದಿನವಹಿ ಆಗಬಹುದು. ಜೋಡಿಯಲ್ಲಿ ಒಂದು ಹೋದಾಗ ಉಳಿದದ್ದಕ್ಕೆ ಜೊತೆ ಹುಡುಕುವ ಪ್ರಶ್ನೆಯೂ ಏಳುತ್ತದೆ.

ಕೈ ಗಟ್ಟಿಯಿಲ್ಲ, ಆದರೆ ಮನಸ್ಸಿದೆ

ಹೀಗೆ ಬರೆದದ್ದು ಯಾರನ್ನೂ ಹಿಂದೆ ಸರಿಸಲು ಅಲ್ಲ. ಕೇಂದ್ರಗಳಲ್ಲಿ ಕಾಯುತ್ತಿರುವ ಮೊಲಗಳಿಗೆ ಮನೆ ಬೇಕೇ ಬೇಕು. ಹಣ ಸಾಲದು ಅನ್ನಿಸಿದವರಿಗೂ ಒಂದು ದಾರಿಯಿದೆ, ಫಾಸ್ಟರಿಂಗ್, ಅಂದರೆ ಶಾಶ್ವತ ಮನೆ ಸಿಗುವವರೆಗೆ ನೋಡಿಕೊಳ್ಳುವುದು. ಮೊಲ ನಿಮ್ಮ ಮನೆಯಲ್ಲಿರುತ್ತದೆ, ಬಹುತೇಕ ಕಡೆ ಡಾಕ್ಟರ್ ಖರ್ಚು ಕೇಂದ್ರದ್ದು. ನಿಮ್ಮ ಪಾಲಿಗೆ ಜಾಗ, ಸಮಯ, ಕಾಳಜಿ. ಮೊಲ ಸಾಕುವುದು ಅಂದರೆ ಏನು ಅಂತ ಕೆಲವೇ ವಾರಗಳಲ್ಲಿ ಅರ್ಥವಾಗುತ್ತದೆ. ಆ ಒಂದು ಸ್ಥಳ ಖಾಲಿಯಾದ್ದರಿಂದ ಕೇಂದ್ರ ಇನ್ನೊಂದು ಮೊಲವನ್ನು ಒಳಗೆ ಕರೆದುಕೊಳ್ಳಬಹುದು.

ದತ್ತು ತೆಗೆದುಕೊಳ್ಳಲು ಹೋದ ದಿನ ಕೆಲವು ಪ್ರಶ್ನೆ ಕೇಳಿ. ಈ ಮೊಲದ ವೈದ್ಯಕೀಯ ದಾಖಲೆ ಕೊಡ್ತೀರಾ? ದವಡೆ ಹಲ್ಲುಗಳನ್ನು ಡಾಕ್ಟರ್ ಕೊನೆಯ ಸಲ ಯಾವಾಗ ನೋಡಿದರು? ಈಗ ಯಾವ ಹುಲ್ಲು, ಯಾವ ಪೆಲೆಟ್ ತಿನ್ನುತ್ತಿದೆ? ಆಹಾರ ದಿಢೀರನೆ ಬದಲಾದರೆ ಹೊಟ್ಟೆ ಕೆಡುತ್ತದೆ, ಹಾಗಾಗಿ ಒಂದೆರಡು ವಾರಕ್ಕಾಗುವಷ್ಟು ಅದನ್ನೇ ಕೇಳಿ ತನ್ನಿ. ಕಳೆದ ಕೆಲವು ತಿಂಗಳ ತೂಕ ಬರೆದಿಟ್ಟಿದ್ದರೆ ಅದನ್ನೂ ಕೇಳಿ. ಜೊತೆಗೆ ಇನ್ನೊಂದು, ಎಲ್ಲರೂ ಕೇಳಲು ಹಿಂಜರಿಯುವ ಪ್ರಶ್ನೆ: ಮುಂದೆ ನನಗೆ ಸಾಕಲು ಆಗದ ಪರಿಸ್ಥಿತಿ ಬಂದರೆ ನೀವು ವಾಪಸ್ ತೆಗೆದುಕೊಳ್ತೀರಾ?

ಒಳ್ಳೆಯ ಕೇಂದ್ರಗಳು ತೆಗೆದುಕೊಳ್ಳುತ್ತವೆ. ಕೆಲವು ಈ ಮಾತನ್ನು ದತ್ತು ಪತ್ರದಲ್ಲೇ ಬರೆಯುತ್ತವೆ, ಬೇರೆಯವರಿಗೆ ಕೊಡಬಾರದು ಅಂತಲೂ ಹೇಳುತ್ತವೆ. ಕೆಲಸ ಹೋದರೆ, ಕಾಯಿಲೆ ಬಂದರೆ, ಚಿಕಿತ್ಸೆಯ ಬಿಲ್ಲು ಕೈ ಮೀರಿದರೆ ಕೊನೆಯ ಗಳಿಗೆವರೆಗೆ ಕಾಯದೆ ಅವರಿಗೆ ಫೋನ್ ಮಾಡಿ. ಬಿಲ್ಲಿನಲ್ಲಿ ಸಹಾಯ, ಮೇವು, ತಾತ್ಕಾಲಿಕ ಫಾಸ್ಟರ್, ಏನಾದರೊಂದು ಸಿಗಬಹುದು. ಮೊಲವನ್ನು ಪಾರ್ಕಿನಲ್ಲೋ ಹೊಲದಲ್ಲೋ ಬಿಡುವುದು ಮಾತ್ರ ಬೇಡ. ಸಾಕಿದ ಮೊಲಕ್ಕೆ ಹೊರಗೆ ಮೇವು ಹುಡುಕುವುದೂ ಗೊತ್ತಿಲ್ಲ, ಬೇಟೆಗಾರ ಪ್ರಾಣಿಗಳಿಂದ ತಪ್ಪಿಸಿಕೊಳ್ಳುವುದೂ ಗೊತ್ತಿಲ್ಲ. ಎಷ್ಟೋ ಮೊಲಗಳ ಬಿಳಿ, ಕಂದು ಮಚ್ಚೆಯ ಮೈಬಣ್ಣವೇ ಅವು ಎಲ್ಲಿದ್ದಾವೆ ಅಂತ ಹೇಳಿಬಿಡುತ್ತದೆ. ಕೇಂದ್ರದ ನಂಬರ್ ಡಾಕ್ಟರ್ ನಂಬರಿನ ಪಕ್ಕದಲ್ಲೇ ಇರಲಿ.